ಜಮಖಾನದ ಅಡಿಯಲ್ಲಿ ಸೋಲುವ ಘರ್ಷಣೆಯ ನಿಯಮಗಳು

ಘರ್ಷಣೆಯ ಪಾಠ ಎಂದೊಡನೆ ನಮ್ಮ ವಿದ್ಯಾರ್ಥಿಗಳು ಮೂರು ವಾಕ್ಯಗಳನ್ನು ತಪ್ಪದೆ ಒಪ್ಪಿಸುತ್ತಾರೆ. ಘರ್ಷಣಾ ಬಲವು ಲಂಬ ಬಲಕ್ಕೆ ಅನುಪಾತದಲ್ಲಿರುತ್ತದೆ. ಅದು ಸಂಪರ್ಕದ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲ. ಮೇಲ್ಮೈ ಒರಟಾದಷ್ಟೂ ಘರ್ಷಣೆ ಹೆಚ್ಚು. ಪರೀಕ್ಷೆಯಲ್ಲಿ ಪೂರ್ಣ ಅಂಕ ಸಿಗುತ್ತದೆ. ಆದರೆ ನುಣುಪಾದ ಟೈಲ್ಸ್ ಮೇಲೆ ಜಾರುವ ಜಮಖಾನದ ಕೆಳಗೆ ಎಂತಹ ಅಡಿಹಾಸು ಹಾಕಬೇಕೆಂದು ಕೇಳಿದರೆ ಈ ಮೂರೂ ವಾಕ್ಯಗಳು ಅವರ ದಾರಿ ತಪ್ಪಿಸುತ್ತವೆ. ಏಕೆಂದು ಪರಿಶೀಲಿಸೋಣ.

ವಿಷಯ ಕ್ಷುಲ್ಲಕವೆನಿಸಬಹುದು. ಆದರೆ ಬಿದ್ದು ಪ್ರಾಣ ಕಳೆದುಕೊಳ್ಳುವವರ ಸಂಖ್ಯೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಂದಾಜು ಮಾಡಿತ್ತು. ಇವರಲ್ಲಿ 60 ವರ್ಷ ದಾಟಿದವರೇ ಹೆಚ್ಚು. ಬೀಳುವುದಕ್ಕೆ ಕಾರಣಗಳು ಹಲವು. ನೆಲಕ್ಕೆ ಕಚ್ಚಿಕೊಳ್ಳದ ಹಾಸು ಅವುಗಳಲ್ಲಿ ಒಂದು. ನಮ್ಮ ಮನೆಗಳಲ್ಲಿ ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್‌ಗಳು ಬಂದಿವೆ. ಅವುಗಳ ಮೇಲೆ ಹಾಸುವ ನವಲಗುಂದದ ಹತ್ತಿ ಜಮಖಾನವಾಗಲಿ, ಉಣ್ಣೆಯ ರತ್ನಗಂಬಳಿಯಾಗಲಿ ತಾನಾಗಿ ನೆಲವನ್ನು ಹಿಡಿದುಕೊಳ್ಳುವುದಿಲ್ಲ.

ನಿಯಮದ ಮಿತಿ ಎಲ್ಲಿ?

ಈ ಮೂರರಲ್ಲಿ ಮೊದಲ ಎರಡು ನಿಯಮಗಳನ್ನು ಫ್ರಾನ್ಸಿನ ಅಮೊಂಟಾನ್ಸ್ 1699ರಲ್ಲಿ ಮಂಡಿಸಿದ. 1780ರ ದಶಕದಲ್ಲಿ ಕೂಲಾಮ್ ಅವನ್ನು ವಿಸ್ತಾರವಾಗಿ ಪರೀಕ್ಷಿಸಿದ. ಅವರ ಮುಂದಿದ್ದುದು ಮುಖ್ಯವಾಗಿ ಮರ ಮತ್ತು ಲೋಹ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಕೇಂಬ್ರಿಜ್‌ನ ಬೌಡನ್ ಮತ್ತು ಟೇಬರ್ ಇದರ ಒಳಗುಟ್ಟನ್ನು ವಿವರಿಸಿದರು. ಗಟ್ಟಿ ವಸ್ತುಗಳೆರಡು ಒಂದರ ಮೇಲೊಂದು ಕುಳಿತಾಗ ಅವು ನಿಜವಾಗಿ ತಾಗುವುದು ಕೆಲವು ಸೂಕ್ಷ್ಮ ತುದಿಗಳಲ್ಲಿ ಮಾತ್ರ. ಹೊರೆ ಹೆಚ್ಚಿದಂತೆ ಆ ತುದಿಗಳು ಚಪ್ಪಟೆಯಾಗಿ ನಿಜವಾದ ಸಂಪರ್ಕ ಹೆಚ್ಚುತ್ತದೆ. ಆದ್ದರಿಂದ ಕಣ್ಣಿಗೆ ಕಾಣುವ ವಿಸ್ತೀರ್ಣಕ್ಕೆ ಬೆಲೆಯಿಲ್ಲ.

ರಬ್ಬರ್ ಹೀಗಲ್ಲ. ಅದು ಮೃದು, ನೆಲದ ಉಬ್ಬುತಗ್ಗುಗಳಿಗೆ ತಕ್ಕಂತೆ ಬಾಗಿ ಅಂಟಿಕೊಳ್ಳುತ್ತದೆ. ಹೊರೆಯನ್ನು ಇಮ್ಮಡಿಸಿದರೆ ಘರ್ಷಣೆ ಇಮ್ಮಡಿಸುವುದಿಲ್ಲ. ಒತ್ತಡ ಹೆಚ್ಚಿದಂತೆ ಘರ್ಷಣಾ ಗುಣಾಂಕ ಕಡಿಮೆಯಾಗುತ್ತದೆ. ಗುಣಾಂಕ 1ನ್ನು ಮೀರುವುದೂ ಉಂಟು. ಜಾರುವ ವೇಗ ಮತ್ತು ಉಷ್ಣತೆಯನ್ನೂ ಅದು ಅವಲಂಬಿಸುತ್ತದೆ. ಇಲ್ಲಿ ವಿಸ್ತೀರ್ಣಕ್ಕೆ ಖಂಡಿತ ಬೆಲೆಯಿದೆ. ಮೂರನೆಯ ವಾಕ್ಯವಂತೂ ತಲೆಕೆಳಗಾಗುತ್ತದೆ: ಒಣಗಿದ, ಶುಚಿಯಾದ, ನುಣುಪು ಟೈಲ್ಸನ್ನೇ ರಬ್ಬರ್ ಚೆನ್ನಾಗಿ ಹಿಡಿಯುತ್ತದೆ.

ಪಠ್ಯಪುಸ್ತಕದ ಬಗ್ಗೆ ನ್ಯಾಯವಾಗಿ ಮಾತನಾಡಬೇಕು. ಪಿಯುಸಿ ಮೊದಲ ವರ್ಷದ ಎನ್‌ಸಿಇಆರ್‌ಟಿ ಭೌತಶಾಸ್ತ್ರ ಪಠ್ಯವು ಈ ನಿಯಮಗಳು ಮೂಲಭೂತವಲ್ಲ, ಅನುಭವಜನ್ಯ, ಸ್ಥೂಲವಾಗಿ ಮಾತ್ರ ಸರಿ ಎಂದು ಹೇಳಿದೆ. ಆದರೆ ಆ ಮಾತು ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ನಿಯಮ ಎಲ್ಲಿ ಮುರಿಯುತ್ತದೆ ಎಂಬುದಕ್ಕೆ ಉದಾಹರಣೆಯಿಲ್ಲ. ಲೆಕ್ಕಗಳಲ್ಲಿ ಅದರ ಸುಳಿವೇ ಇಲ್ಲ. ಬಹುಕಾಲ ಬಳಕೆಯಲ್ಲಿದ್ದ ಎಂಟನೆಯ ತರಗತಿಯ ಪಠ್ಯವು ಘರ್ಷಣೆಯನ್ನು ಮೇಲ್ಮೈಗಳ ಏರುಪೇರುಗಳು ಸಿಕ್ಕಿಕೊಳ್ಳುವುದರಿಂದಲೇ ವಿವರಿಸಿತ್ತು. ಅಂಟುವಿಕೆಯನ್ನು ಬಿಟ್ಟ ಈ ವಿವರಣೆಯಿಂದ ರಬ್ಬರ್ ಅಡಿಹಾಸನ್ನು ಅರ್ಥಮಾಡಿಕೊಳ್ಳಲಾಗದು.

ಆಯ್ಕೆ ಮತ್ತು ಆರೈಕೆ

ಅಂಗಡಿಯ ಚೀಟಿಯೂ ಪಠ್ಯಕ್ಕಿಂತ ಉತ್ತಮವಲ್ಲ. ‘ಜಾರುವುದಿಲ್ಲ’ ಎಂಬ ಮಾತಿಗೆ ನೆಲ ಯಾವುದೆಂದು ಹೇಳದೆ ಅರ್ಥವಿಲ್ಲ. ಘರ್ಷಣೆ ಒಂದು ವಸ್ತುವಿನ ಗುಣವಲ್ಲ, ಜೋಡಿಯ ಗುಣ. ಅಡಿಹಾಸಿನಲ್ಲಂತೂ ಎರಡು ಜೋಡಿಗಳಿವೆ: ಜಮಖಾನ ಮತ್ತು ಅಡಿಹಾಸು, ಅಡಿಹಾಸು ಮತ್ತು ನೆಲ. ಕಾಲಿನ ಅಡ್ಡಬಲ ಎರಡನ್ನೂ ದಾಟಿ ನೆಲಕ್ಕೆ ಇಳಿಯಬೇಕು. ಯಾವುದರ ಹಿಡಿತ ಕಡಿಮೆಯೋ ಅಲ್ಲಿ ಜಾರುತ್ತದೆ. ಭಾರವಾದ ಉಣ್ಣೆ ಕಾರ್ಪೆಟ್ಟಿಗೆ ಮೇಲೆ ಫೆಲ್ಟ್, ಕೆಳಗೆ ರಬ್ಬರ್ ಇರುವ ಹಾಸು ಒಳ್ಳೆಯದು. ತೆಳು ಜಮಖಾನಕ್ಕೆ 2–3 ಮಿಲಿಮೀಟರಿನ ರಬ್ಬರ್ ಹಾಸು ಸಾಕು. ದಪ್ಪ ಹಾಸು ಕಾಲಡಿಯಲ್ಲಿ ತಗ್ಗಿ, ಅಂಚು ಎದ್ದು, ಎಡವಲು ಕಾರಣವಾಗುತ್ತದೆ.

ವಿಸ್ತೀರ್ಣ ಮುಖ್ಯವಾದ್ದರಿಂದ ನಾಲ್ಕು ಮೂಲೆಗೆ ನಾಲ್ಕು ತುಂಡು ಹಾಕುವುದು ಉಳಿತಾಯವಲ್ಲ. ಹಾಸು ಜಮಖಾನದಷ್ಟೇ ಹರಡಿರಲಿ. ಅಂಚು ನೆಲಕ್ಕೆ ಒರಗುವಂತೆ ಎಲ್ಲ ಕಡೆ 2–3 ಸೆಂಟಿಮೀಟರ್ ಮಾತ್ರ ಒಳಗಿರಲಿ. ಅದೇ ವಸ್ತುವಿನ ಜಾಲರಿಗಿಂತ ಇಡಿಯ ಹಾಳೆ ಹೆಚ್ಚು ಹಿಡಿಯುತ್ತದೆ.

ಅಗ್ಗದ ಪಿವಿಸಿ ಹಾಸುಗಳಲ್ಲಿ ಇನ್ನೊಂದು ತೊಂದರೆಯಿದೆ. ಅವನ್ನು ಮೃದುವಾಗಿಸಲು ಸೇರಿಸಿದ ಪ್ಲಾಸ್ಟಿಸೈಸರ್ ಕಾಲಕ್ರಮದಲ್ಲಿ ವಿಸರಣೆಯಿಂದ ಹೊರಬರುತ್ತದೆ. ಹಾಸು ಪೆಡಸಾಗುತ್ತದೆ, ವಾರ್ನಿಷ್ ಹಚ್ಚಿದ ಮರದ ನೆಲ ಅಂಟಂಟಾಗಿ ಕಲೆಯಾಗಬಹುದು. ವಿನೈಲ್ ನೆಲದ ಮೇಲೆ ರಬ್ಬರೂ ಹಳದಿ ಕಲೆ ಬಿಡಬಲ್ಲದು. ಬಿಸಿಲು ಬೀಳುವ ಕಡೆ ಇದು ಬೇಗ ಆಗುತ್ತದೆ. ಸ್ವಾಭಾವಿಕ ರಬ್ಬರ್ ಗಾಳಿಯ ಆಮ್ಲಜನಕ, ಓಝೋನ್‌ಗಳಿಂದ ಬಿರುಕು ಬಿಟ್ಟು ಪುಡಿಯಾಗುತ್ತದೆ. ಪುಡಿ ಕಾಣಿಸಿದ ದಿನ ಹಾಸಿನ ಆಯುಸ್ಸು ಮುಗಿಯಿತೆಂದೇ ತಿಳಿಯಬೇಕು.

ಆರೈಕೆಯ ಮೊದಲ ಶತ್ರು ಧೂಳು. ಧೂಳಿನ ಕಣಗಳು ರಬ್ಬರನ್ನು ನೆಲದಿಂದ ಬೇರ್ಪಡಿಸುತ್ತವೆ, ಜೊತೆಗೆ ನೂಲನ್ನು ಕೊಯ್ಯುತ್ತವೆ. ಎರಡು ಮೂರು ತಿಂಗಳಿಗೊಮ್ಮೆ ಹಾಸನ್ನು ಎತ್ತಿ, ನೆಲ ಗುಡಿಸಿ, ರಬ್ಬರ್ ಮುಖವನ್ನು ಸೌಮ್ಯ ಸೋಪಿನ ನೀರಿನಿಂದ ಒರೆಸಿ, ನೆರಳಿನಲ್ಲಿ ಒಣಗಿಸಬೇಕು. ಫೆಲ್ಟನ್ನು ನೀರಿನಲ್ಲಿ ನೆನೆಸಬಾರದು. ನೆಲ ಒರೆಸಿದ ಕೂಡಲೇ ಹಾಸಿದರೆ ತೇವ ಒಳಗೇ ಉಳಿದು ಹಿಡಿತವೂ ಹೋಗುತ್ತದೆ, ಬೂಷ್ಟೂ ಬರುತ್ತದೆ.

ತರಗತಿಯಲ್ಲಿ ಮಾಡಿ ನೋಡಿ

ಒಂದು ಟೈಲ್ಸನ್ನು ಹಲಗೆಗೆ ಭದ್ರಪಡಿಸಿ. ಅದರ ಮೇಲೆ ಅಡಿಹಾಸಿನ ತುಂಡು, ಜಮಖಾನದ ತುಂಡು, ಒಂದು ಪುಸ್ತಕ ಇಡಿ. ಹಲಗೆಯನ್ನು ನಿಧಾನವಾಗಿ ಎತ್ತಿ, ಜಾರುವ ಕೋನ ಅಳೆಯಿರಿ. ಕೋನದ ಟ್ಯಾನ್ ಬೆಲೆಯೇ ಸ್ಥಿತ ಘರ್ಷಣೆಯ ಗುಣಾಂಕ: 20 ಡಿಗ್ರಿಗೆ 0.36, 35 ಡಿಗ್ರಿಗೆ 0.70. ಸಮತಟ್ಟಾದ ನೆಲದಲ್ಲಿ ನೇರವಾಗಿ ನಡೆಯಲು ಸುಮಾರು 0.2 ಬೇಕು, ಅವಸರದಲ್ಲಿ ತಿರುಗುವಾಗ ಇನ್ನೂ ಹೆಚ್ಚು. ಈಗ ಅಡಿಹಾಸನ್ನು ಅರ್ಧಕ್ಕೆ ಕತ್ತರಿಸಿ ಅಳೆಯಿರಿ. ಚಾಕ್‌ಪುಡಿ ಉದುರಿಸಿ ಮತ್ತೆ ಅಳೆಯಿರಿ. ಎರಡನೆಯ ಪುಸ್ತಕ ಇಟ್ಟು ಇನ್ನೊಮ್ಮೆ ಅಳೆಯಿರಿ. ಪುಸ್ತಕದ ಒತ್ತಡ ಪಾದದ ಒತ್ತಡಕ್ಕಿಂತ ಬಹಳ ಕಡಿಮೆ. ಆದ್ದರಿಂದ ಇಲ್ಲಿ ದೊರೆತ ಗುಣಾಂಕ ನಡೆಯುವಾಗಿನದಕ್ಕಿಂತ ಹೆಚ್ಚಾಗಿರುತ್ತದೆ ಎಂದೂ ಚರ್ಚಿಸಿ.

ಅಮೊಂಟಾನ್ಸ್‌ನ ನಿಯಮಗಳನ್ನು ಪಠ್ಯದಿಂದ ತೆಗೆಯಬೇಕೆಂಬುದು ನನ್ನ ವಾದವಲ್ಲ. ಮರ, ಲೋಹಗಳ ಲೆಕ್ಕಕ್ಕೆ ಅವು ಇಂದಿಗೂ ಉಪಯುಕ್ತ. ಆದರೆ ಯಾವ ನಿಯಮವನ್ನು ಕಲಿಸಿದರೂ ಅದು ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನೂ ಜೊತೆಗೇ ಕಲಿಸಬೇಕು. ಘರ್ಷಣೆಯ ವಿಷಯದಲ್ಲಿ ಅದಕ್ಕೆ ದುಬಾರಿ ಉಪಕರಣ ಬೇಡ. ಒಂದು ಟೈಲ್ಸ್, ಒಂದು ಹಲಗೆ, ಒಂದು ಕೋನಮಾಪಕ ಇದ್ದರೆ ಸಾಕು.