ಕ್ರೇಗಿವಾರ್‌ನ ಗುಲಾಬಿ ಗೋಪುರ

ಸ್ಕಾಟ್‌ಲೆಂಡಿನ ಅಬರ್ಡೀನ್‌ಶೈರ್‌ನಲ್ಲಿರುವ ಕ್ರೇಗಿವಾರ್ ಕೋಟೆಮನೆಯ ಚೆಲುವೆಲ್ಲ ಅದರ ಏರಿಕೆಯಲ್ಲಿದೆ. ಕೆಳಗೆ ಗೋಡೆ ಸಪಾಟು, ಅಲಂಕಾರವೇ ಇಲ್ಲ. ಮೇಲೇರಿದಂತೆ ಮೂಲೆಗಳಿಂದ ದುಂಡು ಗೋಪುರಗಳು ಹೊರಚಾಚಿ, ಶಂಕುವಿನಾಕಾರದ ಟೋಪಿ ತೊಟ್ಟು ನಿಲ್ಲುತ್ತವೆ. ಇಡೀ ಮೈಗೆ ತಿಳಿಗುಲಾಬಿ ಗಾರೆ. ಮಾರ್ಟಿಮರ್ ಮನೆತನ ಅರ್ಧಕ್ಕೆ ಬಿಟ್ಟದ್ದನ್ನು 1610ರಲ್ಲಿ ಕೊಂಡವನು ಬಾಲ್ಟಿಕ್ ವ್ಯಾಪಾರದಲ್ಲಿ ಹಣ ಮಾಡಿದ ವಿಲಿಯಂ ಫೋರ್ಬ್ಸ್. ಕಟ್ಟಡ ಮುಗಿದದ್ದು 1626ರಲ್ಲಿ. ದೊಡ್ಡ ಹಜಾರದಲ್ಲಿ ಕತ್ತೆತ್ತಿ ನೋಡಬೇಕು: ಕಮಾನು ಚಾವಣಿಯ ತುಂಬ ಗಾರೆಯ ಉಬ್ಬುಚಿತ್ತಾರ, ಅಗ್ಗಿಷ್ಟಿಕೆಯ ಮೇಲೆ ರಾಜಲಾಂಛನ. ವರ್ತಕನೊಬ್ಬನ ಅಭಿರುಚಿ ಇಷ್ಟು ಹದವಾಗಿತ್ತಲ್ಲ ಎಂದು ನನಗೆ ಬೆರಗು. ಅವನ ವಂಶಸ್ಥರು ಇದನ್ನು 1963ರವರೆಗೂ ಉಳಿಸಿಕೊಂಡರು. ಈಗ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್‌ಲೆಂಡ್ ನೋಡಿಕೊಳ್ಳುತ್ತಿದೆ. ಮೇಲಂತಸ್ತುಗಳಿಗೆ ಇವತ್ತಿಗೂ ವಿದ್ಯುದ್ದೀಪ ಹಾಕಿಲ್ಲ. ಆ ಉಬ್ಬುಗೆಲಸ ಎದ್ದು ಕಾಣುವುದು ಕಿಟಕಿಯ ಓರೆ ಬೆಳಕಿನಲ್ಲೇ. ಈ ನಿರ್ಧಾರ ನನಗೆ ತುಂಬ ಹಿಡಿಸಿದೆ.