ಲಘುವೆನಿಸಿದ ಶಿರೋಘಾತ: ಚಿತ್ರವೂ ಚಿತ್ತವೂ

ತಲೆಗೆ ಪೆಟ್ಟು ಬಿದ್ದು ಅರ್ಧ ಗಂಟೆಗೆ ಮೀರದಂತೆ ಎಚ್ಚರದಪ್ಪಿದವನ, ಅಥವಾ ಎಚ್ಚರದಪ್ಪದೆಯೇ ಕ್ಷಣಕಾಲ ದಿಗ್ಭ್ರಮೆಗೊಂಡವನ ಗಾಯಕ್ಕೆ ವೈದ್ಯಶಾಸ್ತ್ರವು ‘ಲಘು’ ಎಂಬ ವಿಶೇಷಣವನ್ನು ಕೊಟ್ಟಿದೆ. ಇದು ಪೆಟ್ಟು ಬಿದ್ದ ಹೊತ್ತಿನ ಲಕ್ಷಣಗಳಿಗೆ ಸಲ್ಲತಕ್ಕದ್ದೇ ಹೊರತು ಮುಂದಿನ ಫಲಕ್ಕೆ ಸಲ್ಲತಕ್ಕದ್ದಲ್ಲ. ಈ ಭೇದವನ್ನು ಮರೆತು, ಚಿತ್ರದಲ್ಲಿ ಏನೂ ಕಾಣಲಿಲ್ಲವಾದುದರಿಂದ ಏನೂ ಆಗಿಲ್ಲವೆಂದು ರೋಗಿಯನ್ನು ಮನೆಗೆ ಕಳುಹಿಸುವುದುಂಟು.

ಈ ವಾಡಿಕೆಯನ್ನು ಅಲುಗಿಸಿದ ಬರೆಹಗಳಲ್ಲಿ, ಎಸ್ತರ್ ಯೂ ಅವರೂ ಅವರ ಸಹೋದ್ಯೋಗಿಗಳೂ 2013ರಲ್ಲಿ ‘ಆನಲ್ಸ್ ಆಫ್ ನ್ಯೂರಾಲಜಿ’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ಗಣ್ಯವಾದುದು. ಅಮೆರಿಕೆಯ ಮೂರು ಆಸ್ಪತ್ರೆಗಳಿಗೆ ಬಂದ 135 ರೋಗಿಗಳನ್ನು ಅವರು ಪರೀಕ್ಷಿಸಿದರು. ಮೊದಲು ತೆಗೆದ ಸಿ.ಟಿ. ಚಿತ್ರವು ನಿರ್ದೋಷವೆಂದು ಕಂಡವರಲ್ಲಿ ಶೇಕಡ 27 ಮಂದಿಗೆ, ಸುಮಾರು 12 ದಿನಗಳ ತರುವಾಯ ತೆಗೆದ ಎಂ.ಆರ್.ಐ. ಚಿತ್ರದಲ್ಲಿ ದೋಷವು ಗೋಚರಿಸಿತು. ಇದರ ಕಾರಣವು ಗೂಢವಲ್ಲ. ತಲೆಯು ರಭಸದಿಂದ ತಿರುಗಿದಾಗ ಮಿದುಳಿನೊಳಗಣ ನರತಂತುಗಳು ಸೆಳೆತಕ್ಕೆ ಸಿಕ್ಕಿ ಕೆಡುತ್ತವೆ. ಒಮ್ಮೊಮ್ಮೆ ಅವುಗಳ ಪಕ್ಕದಲ್ಲಿ ರಕ್ತವು ಸಾಸಿವೆಯಷ್ಟು ಒಸರುತ್ತದೆ. ಕ್ಷಕಿರಣಗಳಿಗೆ ಇಷ್ಟು ಸೂಕ್ಷ್ಮವಾದುದು ಸಿಕ್ಕುವುದು ಅಪೂರ್ವ. ರಕ್ತದ ಕಬ್ಬಿಣವು ಕಾಂತಕ್ಷೇತ್ರವನ್ನು ಕದಡುವುದರಿಂದ ಎಂ.ಆರ್.ಐ.ಗೆ ಸಿಕ್ಕುತ್ತದೆ. ಇಂತಹ ಚುಕ್ಕೆಗಳು ನಾಲ್ಕಾಗಲಿ ಹೆಚ್ಚಾಗಲಿ ಇದ್ದವರ, ಅಥವಾ ಮಿದುಳು ಜಜ್ಜಿದ್ದವರ ಸ್ಥಿತಿಯು ಮೂರು ತಿಂಗಳ ಮೇಲೆ ಉಳಿದವರದಕ್ಕಿಂತ ಕೆಟ್ಟದಾಗಿತ್ತು.

ಇಷ್ಟರಮಟ್ಟಿಗೆ ಲೇಖನವು ಶ್ಲಾಘ್ಯ. ಆದರೆ ಆ ‘ಸ್ಥಿತಿ’ಯನ್ನು ಅಳೆದ ಮಾನವು ಎಂಟೇ ಮೆಟ್ಟಲುಗಳದು. ರೋಗಿಯು ಕೆಲಸಕ್ಕೆ ಮರಳಿದನೆ, ಮನೆಯವರೊಡನೆ ಮೊದಲಿನಂತಿರುವನೆ ಎಂದು ಅದು ವಿಚಾರಿಸುತ್ತದೆ. ಅವಧಾನವನ್ನಾಗಲಿ ಸ್ಮೃತಿಯನ್ನಾಗಲಿ ತೂಗುವುದಿಲ್ಲ. ಆದಕಾರಣ ಬುದ್ಧಿಯ ಕುಂದನ್ನು ಚಿತ್ರವು ಅಳೆಯಿತೆಂದು ಈ ಲೇಖನವನ್ನು ಆಧಾರವಾಗಿ ಹಿಡಿದು ಯಾರೂ ಹೇಳಲಾಗದು.

ಬುದ್ಧಿಯನ್ನು ನೇರವಾಗಿ ತೂಗಿದವರು ಬೇರೆ ಇದ್ದರು. ನ್ಯೂಜೀಲೆಂಡಿನ ಡೊರೊತಿ ಗ್ರಾನ್‌ವಾಲ್ ಮತ್ತು ಫಿಲಿಪ್ ರೈಟ್‌ಸನ್ ಅವರು 1974ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದ ಚಿಕ್ಕ ಲೇಖನವನ್ನು ವಾಚಕರು ಇದರ ಪಕ್ಕದಲ್ಲಿಟ್ಟು ಓದಬೇಕು. ಅವರ ಪರೀಕ್ಷೆಯಲ್ಲಿ ಅಂಕೆಗಳು ಒಂದರ ಹಿಂದೊಂದು ಕೇಳಿಬರುತ್ತವೆ. ಪ್ರತಿಯೊಂದನ್ನೂ ಅದರ ಹಿಂದಿನದಕ್ಕೆ ಕೂಡಿಸಿ ಹೇಳಬೇಕು. ಮೂರು, ಐದು, ಎರಡು ಎಂದರೆ ಉತ್ತರವು ಎಂಟು, ಏಳು. ತಾನು ಹೇಳಿದ ಮೊತ್ತವನ್ನು ಮರೆತು, ಕೇಳಿದ ಅಂಕೆಯನ್ನು ಮಾತ್ರ ಉಳಿಸಿಕೊಳ್ಳುವುದರಲ್ಲಿದೆ ಕಷ್ಟ. ಪದ್ಯವನ್ನು ಕಟ್ಟುತ್ತಲೇ ಗಂಟೆಯ ನಾದಗಳನ್ನೆಣಿಸುವ ನಮ್ಮ ಅವಧಾನಿಗಳು ಇದನ್ನು ಬಲ್ಲರು. ತೊಂದರೆಯನ್ನು ಹೇಳಿಕೊಳ್ಳುತ್ತಿದ್ದ ರೋಗಿಗಳು ಈ ಲೆಕ್ಕದಲ್ಲಿ ಹಿಂದೆ ಬಿದ್ದರು. ತೊಂದರೆಯು ಅಡಗಿದಂತೆ ಲೆಕ್ಕವೂ ಸರಿಯಾಯಿತು. ಆಗ ಸಿ.ಟಿ. ಯಂತ್ರವು ಹುಟ್ಟಿ ಮೂರೇ ವರ್ಷವಾಗಿತ್ತು. ಚಿತ್ರದ ನೆರವಿಲ್ಲದೆಯೇ ರೋಗಿಯ ಮಾತಿಗೆ ಸಾಕ್ಷಿ ದೊರೆತಿತು.

ಇನ್ನೊಂದು ಆಕ್ಷೇಪವು ಎದುರು ದಿಕ್ಕಿನದು. ರೋಗಿಯ ಎಲ್ಲ ಸಂಕಟವನ್ನೂ ಮಿದುಳಿನ ಲೆಕ್ಕಕ್ಕೆ ಬರೆಯುವುದೂ ಸರಿಯಲ್ಲ. ಅಮೆರಿಕೆಯಲ್ಲಿ ಇದೇ ಸಂಶೋಧನೆಯು ಮುಂದುವರಿದು 2019ರಲ್ಲಿ ಪ್ರಕಟವಾದ ವರದಿಯಂತೆ, ಲಘು ಶಿರೋಘಾತವಾದವರಲ್ಲಿ ಶೇಕಡ 53 ಮಂದಿಗೆ ಒಂದು ವರ್ಷದ ಮೇಲೂ ಯಾವುದಾದರೊಂದು ಕೊರತೆಯಿತ್ತು. ತಲೆಗೆ ಪೆಟ್ಟಿಲ್ಲದೆ ಮೂಳೆ ಮೊದಲಾದುವುಗಳಿಗೆ ಗಾಯವಾದವರಲ್ಲಿಯೂ ಶೇಕಡ 38 ಮಂದಿಗೆ ಇತ್ತು. ಮೊದಲನೆಯ ಅಂಕೆಯೊಂದನ್ನೇ ಎತ್ತಿ ಆಡುವವರು ಎರಡನೆಯದನ್ನು ಏಕೆ ಬಿಡುತ್ತಾರೋ ತಿಳಿಯದು. ಆದರೆ ನಡುವಣ ಹದಿನೈದನ್ನು ಅಲ್ಲಗಳೆಯುವಂತೆಯೂ ಇಲ್ಲ. ಆ ಹದಿನೈದು ಮಂದಿ ಯಾರೆಂಬುದನ್ನು ಒಬ್ಬೊಬ್ಬನ ಚಿತ್ರವನ್ನು ನೋಡಿ ಬೆರಳಿಟ್ಟು ತೋರಿಸುವುದು ಇನ್ನೂ ಸಾಧ್ಯವಾಗಿಲ್ಲ.