ಬೋಸ್ಟನ್ ಪತ್ರ: ಬಯಕೆಯ ದೀಕ್ಷಾಸ್ನಾನವನ್ನು ಕುರಿತು

1949ನೆಯ ಇಸವಿ ಆಗಸ್ಟ್ 8ರ ದಿನಾಂಕವನ್ನು ಹೊತ್ತು ರೋಮಿನ ಪವಿತ್ರ ಕಾರ್ಯಾಲಯದಿಂದ ಬೋಸ್ಟನ್ನಿನ ಮಹಾಧರ್ಮಾಧ್ಯಕ್ಷ ರಿಚರ್ಡ್ ಕುಶಿಂಗರಿಗೆ ಬಂದ ಲ್ಯಾಟಿನ್ ಪತ್ರವು ಗಾತ್ರದಲ್ಲಿ ಕಿರಿದಾದರೂ, ಹದಿನೇಳು ಶತಮಾನಗಳಿಂದ ಕಥೋಲಿಕ ಧರ್ಮಸಭೆಯ ಅಂತರಂಗವನ್ನು ಕಾಡುತ್ತ ಬಂದ ಪ್ರಶ್ನೆಯೊಂದಕ್ಕೆ ಉತ್ತರ ಹೇಳಹೊರಟ ಬರಹವಾದ್ದರಿಂದ ನಮ್ಮ ವಿಮರ್ಶೆಗೆ ಯೋಗ್ಯವಾಗಿದೆ. ಧರ್ಮಸಭೆಯ ಹೊರಗೆ ರಕ್ಷಣೆಯಿಲ್ಲವೆಂಬುದು ಸತ್ಯವಾದರೆ, ದೀಕ್ಷಾಸ್ನಾನದ ನೀರು ತಲೆಯ ಮೇಲೆ ಬೀಳದೆಯೇ ಕಣ್ಮುಚ್ಚಿದ ಅಸಂಖ್ಯಾತ ಸಜ್ಜನರ ಗತಿಯೇನು? ಪತ್ರದ ಉತ್ತರ ಸಿದ್ಧಾಂತದಲ್ಲಿ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಅದನ್ನು ಹೇಳಿದ ರೀತಿಯಲ್ಲಿಯೂ ಹೇಳಿದ ಮೇಲೆ ನಡೆದುಕೊಂಡ ರೀತಿಯಲ್ಲಿಯೂ ಕೊರತೆಗಳುಂಟು. ಆ ಕೊರತೆಗಳೇ ವಿವಾದವನ್ನು ಇಂದಿಗೂ ಆರಗೊಟ್ಟಿಲ್ಲ.

ವಿವಾದ ಹುಟ್ಟಿದ್ದು ಹಾರ್ವರ್ಡ್ ವಿಶ್ವವಿದ್ಯಾನಿಲಯದ ನೆರೆಯಲ್ಲಿ. ಕೇಂಬ್ರಿಜ್ ಪಟ್ಟಣದಲ್ಲಿ 1940ರಲ್ಲಿ ಸ್ಥಾಪಿತವಾದ ಸೇಂಟ್ ಬೆನೆಡಿಕ್ಟ್ ಕೇಂದ್ರದಲ್ಲಿ, ಯೇಸುಸಭೆಯ ಗುರುಗಳೂ ಕವಿಗಳೂ ಆಗಿದ್ದ ಲೆನಾರ್ಡ್ ಫೀನಿಯವರ ಉಪನ್ಯಾಸಗಳನ್ನು ಕೇಳಲು ತರುಣ ವಿದ್ಯಾರ್ಥಿಗಳು ಕಿಕ್ಕಿರಿದು ಸೇರುತ್ತಿದ್ದರು. ಮಹಾಯುದ್ಧ ಮುಗಿದಿದ್ದ ಆ ಕಾಲದಲ್ಲಿ ಅಮೆರಿಕದ ಕಥೋಲಿಕರು ನೆರೆಹೊರೆಯವರೊಡನೆ ಹೊಂದಿಕೊಳ್ಳುವ ಆತುರದಲ್ಲಿ ತಮ್ಮ ವಿಶ್ವಾಸದ ಕಠಿನವಾದ ಮಾತುಗಳನ್ನು ಮೆಲ್ಲನೆ ನುಂಗಿಕೊಳ್ಳುತ್ತಿದ್ದಾರೆಂಬುದು ಫೀನಿಯವರ ಕೊರಗು. ಆ ಕೊರಗು ಹುಸಿಯಾಗಿರಲಿಲ್ಲ. ಆದರೆ ಅದಕ್ಕೆ ಅವರು ಕಂಡುಕೊಂಡ ಪರಿಹಾರ, ಬಾಗಿಲನ್ನು ಯಾವ ಸಂದೂ ಇಲ್ಲದಂತೆ ಮುಚ್ಚಿಬಿಡುವುದು. 1949ರ ವಸಂತದಲ್ಲಿ ಅವರ ಪಕ್ಷದ ಅಧ್ಯಾಪಕರು, ತಾವು ಕೆಲಸ ಮಾಡುತ್ತಿದ್ದ ಬೋಸ್ಟನ್ ಕಾಲೇಜು ಪಾಷಂಡ ಮತವನ್ನು ಬೋಧಿಸುತ್ತಿದೆಯೆಂದು ಆಪಾದಿಸಿ ಕೆಲಸ ಕಳೆದುಕೊಂಡರು. ಗುರುವಿಗೆ ನಿರ್ಬಂಧ ಬಂದಿತು. ದೂರು ರೋಮನ್ನು ಮುಟ್ಟಿತು.

ಫೀನಿಯವರ ನಿಲುವನ್ನು ನ್ಯಾಯವಾಗಿ ತಿಳಿಯಬೇಕಾದರೆ ಅವರು 1952ರಲ್ಲಿ ಪ್ರಕಟಿಸಿದ ‘ಬ್ರೆಡ್ ಆಫ್ ಲೈಫ್’ ಎಂಬ ಪುಸ್ತಕವನ್ನು ನೋಡಬೇಕು. ದೀಕ್ಷಾಸ್ನಾನವನ್ನು ಬಯಸಿದವನು ಆ ಬಯಕೆಯಿಂದಲೇ ದೇವರ ಮುಂದೆ ನೀತಿವಂತನಾಗಬಹುದೆಂದು ಅವರೂ ಒಪ್ಪುತ್ತಾರೆ. ಆದರೆ ನೀತಿವಂತನಾಗುವುದು ಬೇರೆ, ಸ್ವರ್ಗವನ್ನು ಸೇರುವುದು ಬೇರೆ, ಎರಡನೆಯದಕ್ಕೆ ನೀರು ಬೇಕೇ ಬೇಕು ಎಂದು ಗೆರೆ ಎಳೆಯುತ್ತಾರೆ. ಹಾಗಾದರೆ ನೀತಿವಂತನಾಗಿಯೂ ನೀರು ದೊರೆಯದೆ ಸತ್ತವನು ಎಲ್ಲಿಗೆ ಹೋಗುತ್ತಾನೆ? ಈ ಪ್ರಶ್ನೆಯನ್ನು ಪುಸ್ತಕದಲ್ಲಿ ಅವರೇ ಎತ್ತಿಕೊಳ್ಳುತ್ತಾರೆ. ನರಕಕ್ಕಲ್ಲ, ಸ್ವರ್ಗಕ್ಕೂ ಅಲ್ಲ. ಎಲ್ಲಿಗೆಂದು ತಾನು ಅರಿಯೆನೆಂದು ಉತ್ತರಿಸುತ್ತಾರೆ. ಈ ಉತ್ತರದ ಪ್ರಾಮಾಣಿಕತೆಯನ್ನು ಗೌರವಿಸಬೇಕು. ಆದರೆ ಅವರ ವಾದಸೌಧ ಬಿರುಕು ಬಿಡುವುದೂ ಇಲ್ಲಿಯೇ. ದೇವರ ಕೃಪೆಯಲ್ಲಿ, ಆತನ ಸ್ನೇಹದಲ್ಲಿ ಪ್ರಾಣಬಿಟ್ಟ ಜೀವವೊಂದಕ್ಕೆ ಆ ದೇವರ ಸನ್ನಿಧಿಯಲ್ಲಿ ನೆಲೆಯಿಲ್ಲವೆನ್ನುವ ಸಿದ್ಧಾಂತವು ಸಂಸ್ಕಾರದ ಗೌರವವನ್ನು ಹೆಚ್ಚಿಸುವುದಿಲ್ಲ, ಕೃಪೆಯ ಅರ್ಥವನ್ನೇ ಕುಗ್ಗಿಸುತ್ತದೆ. 1547ರಲ್ಲಿ ಟ್ರೆಂಟ್ ಮಹಾಸಭೆಯು, ಸುವಾರ್ತೆಯು ಸಾರಲ್ಪಟ್ಟ ಬಳಿಕ ಮನುಷ್ಯನು ನೀತಿವಂತನಾಗುವುದು ದೀಕ್ಷಾಸ್ನಾನವಿಲ್ಲದೆ ಅಥವಾ ಅದರ ಬಯಕೆಯಿಲ್ಲದೆ ಸಾಧ್ಯವಿಲ್ಲವೆಂದು ವಿಧಿಸಿದಾಗ, ಬಯಕೆಯನ್ನು ಹೆಸರಿಸಿದ್ದು ಅರ್ಧದಾರಿಯಲ್ಲಿ ಕೈಬಿಡುವುದಕ್ಕಾಗಿ ಅಲ್ಲ.

ಪತ್ರವು ಹಿಡಿದ ದಾರಿ ಇದಕ್ಕಿಂತ ಗಂಭೀರವಾದುದು. ಧರ್ಮಸಭೆಯ ಹೊರಗೆ ರಕ್ಷಣೆಯಿಲ್ಲವೆಂಬ ವಾಕ್ಯವನ್ನು ಅದು ಸಡಿಲಿಸುವುದಿಲ್ಲ. ತಪ್ಪಿಲ್ಲದ ಬೋಧನೆಯೆಂದೇ ಅದನ್ನು ಎತ್ತಿಹಿಡಿದು, ಬೋಧನಾಧಿಕಾರವು ಅರ್ಥೈಸಿದಂತೆಯೇ ಅದನ್ನು ಅರ್ಥೈಸಬೇಕೆನ್ನುತ್ತದೆ. ಧರ್ಮಸಭೆ ಕ್ರಿಸ್ತನು ಸ್ಥಾಪಿಸಿದ್ದೆಂದು ಬಲ್ಲವನಾಗಿಯೂ ಅದನ್ನು ಸೇರಲೊಲ್ಲದವನಿಗೆ ರಕ್ಷಣೆಯಿಲ್ಲ. ಆದರೆ ಸಾಧನವಾಗಿ ಧರ್ಮಸಭೆಯ ಅಗತ್ಯವು ದೈವಸಂಕಲ್ಪದಿಂದ ಏರ್ಪಟ್ಟದ್ದಾದಕಾರಣ, ಕೆಲವು ಸಂದರ್ಭಗಳಲ್ಲಿ ಬಯಕೆಯಿಂದಲೂ ಅದರ ಫಲ ದೊರಕೀತು. ತನ್ನ ತಪ್ಪಿಲ್ಲದೆ ಸತ್ಯವನ್ನು ಅರಿಯದವನಲ್ಲಿ ಆ ಬಯಕೆ ಬಾಯಿಬಿಟ್ಟು ಆಡಿದ್ದಾಗಿರಬೇಕೆಂದೂ ಇಲ್ಲ, ದೇವರ ಇಚ್ಛೆಗೆ ತನ್ನ ಇಚ್ಛೆಯನ್ನು ಒಪ್ಪಿಸಿಕೊಂಡ ಮನಸ್ಸಿನೊಳಗೇ ಅಡಗಿದ್ದೀತು. ಇಷ್ಟನ್ನೇ ಓದಿ ಸಮಾಧಾನಪಟ್ಟುಕೊಂಡು ಪತ್ರವನ್ನು ಮಡಿಸಿಡುವವರು ಬಹಳ. ಅವರು ಗಮನಿಸದ ವಾಕ್ಯಗಳು ಮುಂದಿವೆ: ಯಾವ ಬಯಕೆಯಾದರೂ ಸಾಲದು, ಅದು ಪರಿಪೂರ್ಣವಾದ ದೈವಪ್ರೀತಿಯಿಂದ ಜೀವಂತವಾಗಿರಬೇಕು, ಮತ್ತು ಇಬ್ರಿಯರಿಗೆ ಬರೆದ ಪತ್ರಿಕೆಯ ಹನ್ನೊಂದನೆಯ ಅಧ್ಯಾಯ ಹೇಳುವಂತೆ ದೇವದತ್ತವಾದ ವಿಶ್ವಾಸದಿಂದ ಕೂಡಿರಬೇಕು. ಎಲ್ಲ ಮತಗಳಲ್ಲಿಯೂ ಸಮವಾಗಿ ರಕ್ಷಣೆಯುಂಟೆನ್ನುವವರನ್ನು ಫೀನಿಯವರಷ್ಟೇ ಸ್ಪಷ್ಟವಾಗಿ ಅದು ಖಂಡಿಸುತ್ತದೆ. ಸಂಸ್ಕಾರಗಳ ನೆರವಿಲ್ಲದೆ, ತಾನೊಬ್ಬನೇ, ಸರ್ವಸ್ವವನ್ನೂ ಮೀರಿ ದೇವರನ್ನು ಪ್ರೀತಿಸುವುದು ಸುಲಭದ ಮಾತಲ್ಲ. ಬಯಕೆಯ ದೀಕ್ಷಾಸ್ನಾನ ಅಗ್ಗದ ರಿಯಾಯಿತಿಯೆಂದು ಗೇಲಿಮಾಡುವವರೂ, ಅದೇ ಕಾರಣಕ್ಕಾಗಿ ಅದನ್ನು ಅಪ್ಪಿಕೊಳ್ಳುವವರೂ, ಇಬ್ಬರೂ ಈ ಷರತ್ತನ್ನು ಓದಿದವರಲ್ಲ.

ಈ ಬೋಧನೆ ಇಪ್ಪತ್ತನೆಯ ಶತಮಾನದ ಹೊಸ ಕಲ್ಪನೆಯೆಂಬ ಆಕ್ಷೇಪವಂತೂ ನಿಲ್ಲದು. ಮೂರನೆಯ ಶತಮಾನದಲ್ಲಿ ಕಾರ್ತೇಜಿನ ಧರ್ಮಾಧ್ಯಕ್ಷ ಸಿಪ್ರಿಯಾನನು ಆ ಪ್ರಸಿದ್ಧ ವಾಕ್ಯವನ್ನು ಬರೆದದ್ದು ಸಭೆಯನ್ನು ಒಡೆದುಹೋದವರ ಸಂಸ್ಕಾರಗಳನ್ನು ಕುರಿತ ಜಗಳದಲ್ಲಿ. ಅದೇ ಪತ್ರದಲ್ಲಿ, ಅದರ ಬೆನ್ನಿಗೇ, ನೀರು ದೊರೆಯುವ ಮುನ್ನ ಕ್ರಿಸ್ತನಿಗಾಗಿ ಕೊಲೆಯಾದ ದೀಕ್ಷಾರ್ಥಿಗಳು ತಮ್ಮ ರಕ್ತದಲ್ಲಿಯೇ ಸ್ನಾನಗೊಂಡವರೆಂದು ಅವನೇ ಒಪ್ಪಿಕೊಳ್ಳುತ್ತಾನೆ. ಇದಕ್ಕಿಂತಲೂ ಹೃದ್ಯವಾದ ಸಾಕ್ಷ್ಯ ಆಂಬ್ರೋಸನದು. 392ರಲ್ಲಿ ಇಪ್ಪತ್ತೊಂದರ ಹರೆಯದ ಸಾಮ್ರಾಟ ಎರಡನೆಯ ವ್ಯಾಲೆಂಟಿನಿಯನ್ನನು ಗಾಲ್ ದೇಶದ ವಿಯೆನ್ ಪಟ್ಟಣದಲ್ಲಿ ಕೊರಳಿಗೆ ನೇಣು ಬಿಗಿದು ಸತ್ತುಬಿದ್ದಿದ್ದನು. ತನಗೆ ದೀಕ್ಷಾಸ್ನಾನ ಕೊಡಬೇಕೆಂದು ಮಿಲಾನಿನ ಆಂಬ್ರೋಸನಿಗೆ ಅವನು ಹೇಳಿಕಳುಹಿಸಿದ್ದನು, ಆಂಬ್ರೋಸನು ಹೊರಟೂ ಇದ್ದನು, ಸಾವು ಮುಂದಾಯಿತು. ಶವಸಂಸ್ಕಾರದ ದಿನ ಅಳುತ್ತಿದ್ದ ಅವನ ಸಹೋದರಿಯರನ್ನು ಎದುರಿಗಿಟ್ಟುಕೊಂಡು ಧರ್ಮಾಧ್ಯಕ್ಷನು ಏನು ಹೇಳಬೇಕಾಗಿತ್ತು? ಸಂಸ್ಕಾರವಾಗದೆ ಹೋದನೆಂದು ನೀವು ಮರುಗುತ್ತಿರುವಿರಿ, ಆದರೆ ಅವನು ಬೇಡಿದ್ದನಲ್ಲವೆ, ಬೇಡಿದ್ದು ದೊರೆಯದಿದ್ದೀತೆ, ಹುತಾತ್ಮರನ್ನು ರಕ್ತವು ತೊಳೆಯುವುದಾದರೆ ಇವನನ್ನು ಇವನ ಭಕ್ತಿಯೂ ಬಯಕೆಯೂ ತೊಳೆದವು ಎಂಬ ಅಭಿಪ್ರಾಯದ ಮಾತುಗಳನ್ನು ಅವನು ಆಡಿದನು. ಪಿತೃಗಳೆಲ್ಲರೂ ಏಕಕಂಠರಾಗಿದ್ದರೆಂದು ಹೇಳಲಾಗದು. ನಾಜಿಯಾಂಜಸಿನ ಗ್ರೆಗರಿಯು, ಕೊಲ್ಲಬಯಸಿದವನನ್ನು ಕೊಲೆಗಾರನೆಂದು ದಂಡಿಸದಿರುವಾಗ ದೀಕ್ಷೆಯನ್ನು ಬಯಸಿದವನನ್ನು ದೀಕ್ಷಿತನೆಂದು ಎಣಿಸುವುದೆಂತು ಎಂದು ಕೇಳಿದವನು. ಆದರೂ ಪಶ್ಚಿಮದ ಸಂಪ್ರದಾಯವು ಆಂಬ್ರೋಸನ ಹಿಂದೆ ನಡೆಯಿತು, ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸರು ಅದಕ್ಕೆ ಶಾಸ್ತ್ರದ ಕಟ್ಟು ಹಾಕಿದರು.

ಇನ್ನು ಕೊರತೆಗಳು. ಫೀನಿ ಪಕ್ಷದ ಕೈಯಲ್ಲಿದ್ದ ಅತ್ಯಂತ ಹರಿತವಾದ ಪ್ರಮಾಣ ಫ್ಲಾರೆನ್ಸ್ ಮಹಾಸಭೆಯ 1442ರ ಶಾಸನ. ಅನ್ಯಮತೀಯರೂ ಯೆಹೂದ್ಯರೂ ಸಭೆಯನ್ನು ಒಡೆದವರೂ ಸಾಯುವ ಮುನ್ನ ಧರ್ಮಸಭೆಯನ್ನು ಸೇರದಿದ್ದರೆ ನಿತ್ಯಾಗ್ನಿಗೆ ಸಲ್ಲುವರೆಂದು ಆ ಶಾಸನ ಯಾವ ಮೃದುತ್ವವೂ ಇಲ್ಲದೆ ನುಡಿಯುತ್ತದೆ. ಬೋಸ್ಟನ್ ಪತ್ರ ಟ್ರೆಂಟನ್ನು ಉದ್ಧರಿಸುತ್ತದೆ, ಒಂಬತ್ತನೆಯ ಪಯಸರನ್ನು ನೆನೆಯುತ್ತದೆ, ಹನ್ನೆರಡನೆಯ ಪಯಸರ 1943ರ ಪರಿಪತ್ರವನ್ನು ಆಶ್ರಯಿಸುತ್ತದೆ. ಫ್ಲಾರೆನ್ಸಿನೊಡನೆ ಮಾತ್ರ ಮುಖಾಮುಖಿಯಾಗುವುದಿಲ್ಲ. ಸತ್ಯವನ್ನು ಬಲ್ಲವರೇ ಸಭೆಯಿಂದ ದೂರ ಉಳಿದಿದ್ದಾರೆಂದು ಆ ಕಾಲದವರು ಭಾವಿಸಿದ್ದರು, ಹೊಸ ಖಂಡಗಳ ಜನಸ್ತೋಮ ಇನ್ನೂ ಅವರ ಕಣ್ಣಿಗೆ ಬಿದ್ದಿರಲಿಲ್ಲ ಎಂದು ಒಂದೆರಡು ವಾಕ್ಯಗಳಲ್ಲಿ ಬಿಡಿಸಿ ಹೇಳಿದ್ದರೆ, ಪ್ರಾಮಾಣಿಕವಾಗಿ ತೊಡಕಿಗೆ ಸಿಕ್ಕವರಿಗೆ ಎಷ್ಟೋ ಉಪಕಾರವಾಗುತ್ತಿತ್ತು. ಎರಡನೆಯದಾಗಿ, ಪತ್ರದ ಪೂರ್ಣಪಾಠ ಬೆಳಕು ಕಂಡದ್ದು 1952ರಲ್ಲಿ; ರೋಮಿನ ಅಧಿಕೃತ ಪತ್ರಿಕೆಯಲ್ಲಿ ಅದು ಅಚ್ಚಾಗಲೇ ಇಲ್ಲ. ರೋಮಿಗೆ ಬರಹೇಳಿದಾಗ ಫೀನಿಯವರು ಹೋಗದಿದ್ದ ಕಾರಣ 1953ರ ಫೆಬ್ರವರಿ 13ರಂದು ಅವರಿಗೆ ಬಹಿಷ್ಕಾರ ವಿಧಿಸಲಾಯಿತು, ಅದೂ ಅವಿಧೇಯತೆಗಾಗಿ. 1972ರಲ್ಲಿ ಮತವನ್ನು ಹಿಂತೆಗೆದುಕೊಳ್ಳೆಂದು ಕೇಳದೆಯೇ ಅವರನ್ನು ಮತ್ತೆ ಸೇರಿಸಿಕೊಳ್ಳಲಾಯಿತು. ಮುಪ್ಪಿನ ಗುರುವಿಗೆ ತೋರಿದ ಆ ಕರುಣೆ ಸರಿಯಾದುದೇ. ಆದರೆ ವಾದಕ್ಕೆ ವಾದದಿಂದ ಉತ್ತರ ಕೊಡದೆ ಶಿಸ್ತಿನಿಂದ ಮುಗಿಸಿದ್ದರ ಫಲವಾಗಿ, ತಮ್ಮ ಗುರುವಿನ ಬೋಧನೆ ಖಂಡಿತವಾಗಿಲ್ಲವೆಂದು ಅನುಯಾಯಿಗಳು ಸಾಧಿಸಲು ಅವಕಾಶ ಉಳಿಯಿತು. ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಧರ್ಮಸಭೆಯನ್ನು ಕುರಿತ ತನ್ನ ಸಂವಿಧಾನದ ಅಡಿಟಿಪ್ಪಣಿಯಲ್ಲಿ ಈ ಪತ್ರವನ್ನು ನಮೂದಿಸಿ ಅದಕ್ಕೆ ತೂಕ ಕೊಟ್ಟಿತೆಂಬುದನ್ನು ಅವರು ಗಣಿಸಬೇಕು.

ಪ್ರಶ್ನೆ ಪಂಡಿತರದಷ್ಟೇ ಅಲ್ಲವೆಂಬುದಕ್ಕೆ, ನಮ್ಮ ಕರಾವಳಿಯ ಕೊಚ್ಚಿಯಿಂದ 1552ರ ಜನವರಿಯಲ್ಲಿ ಫ್ರಾನ್ಸಿಸ್ ಕ್ಸೇವಿಯರರು ಯೂರೋಪಿಗೆ ಬರೆದ ಕಾಗದವೇ ಸಾಕ್ಷಿ. ಜಪಾನಿನ ಯಮಾಗುಚಿಯಲ್ಲಿ ಹೊಸದಾಗಿ ದೀಕ್ಷೆ ಪಡೆದವರು, ಸತ್ತುಹೋದ ತಮ್ಮ ತಂದೆತಾಯಿಗಳಿಗೂ ಮಡದಿಮಕ್ಕಳಿಗೂ ದಾನದಿಂದಲೋ ಪ್ರಾರ್ಥನೆಯಿಂದಲೋ ಏನಾದರೂ ನೆರವಾದೀತೆ ಎಂದು ಕೇಳಿದರಂತೆ. ಆಗದೆಂದು ಅವರು ಉತ್ತರಿಸಿದರು, ಕೇಳಿದವರು ಅತ್ತರು, ಆ ಅಳುವನ್ನು ಕಂಡು ತಮಗೂ ಸಂಕಟವಾಯಿತೆಂದು ಸಂತರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಬೋಸ್ಟನ್ ಪತ್ರದ ಬೋಧನೆ ಅವರ ಕೈಯಲ್ಲಿದ್ದಿದ್ದರೆ, ಆ ಹಿರಿಯರೆಲ್ಲ ಸ್ವರ್ಗದಲ್ಲಿದ್ದಾರೆಂದು ಅವರು ಹೇಳುವಂತಿರಲಿಲ್ಲ. ಅವರು ನರಕದಲ್ಲಿದ್ದಾರೆಂದೂ ಹೇಳಬೇಕಾಗಿರಲಿಲ್ಲ. ದುಃಖಿತರಿಗೆ ಈ ಎರಡರ ನಡುವಣ ಅಂತರ ಅಲ್ಪವಲ್ಲ. ಆದಕಾರಣ ಧರ್ಮೋಪದೇಶ ಮಾಡುವವರಲ್ಲಿ ನನ್ನದೊಂದು ವಿನಂತಿ: ಈ ಪತ್ರವನ್ನು ಪಾಠ ಹೇಳುವಾಗ ದೈವಪ್ರೀತಿಯ ಆ ಷರತ್ತನ್ನು ಬಿಡದೆ ಹೇಳಿರಿ, ಫ್ಲಾರೆನ್ಸಿನ ಶಾಸನವನ್ನು ಮರೆಮಾಚದಿರಿ, ಮತ್ತು ಇವೆರಡಕ್ಕೂ ಮೊದಲು ವ್ಯಾಲೆಂಟಿನಿಯನ್ನನ ಸಾವಿನ ಮೇಲೆ ಆಂಬ್ರೋಸನು ಆಡಿದ ಭಾಷಣವನ್ನು ಓದಿಸಿರಿ.